ಮನೆಯೊಳಗೆ ಮಾತ್ರ ತೆರೆಯುವ ಚೀಟಿ

ಸಾಮಾನಿನ ಪಟ್ಟಿ ಬರೆಯಲು ಕಾಗದ ಹುಡುಕುವ ಕಷ್ಟ ನಮ್ಮ ಅಡುಗೆಮನೆಗೆ ಕಳೆದ ಏಳೆಂಟು ತಿಂಗಳಿಂದ ತಪ್ಪಿದೆ. ಸಾಸಿವೆ ಡಬ್ಬಿಯ ಪಕ್ಕದಲ್ಲಿ ದಪ್ಪ ಕಾಗದದ ಪುಟ್ಟ ಚೀಟಿಗಳ ಕಟ್ಟೊಂದು ಸದಾ ಇರುತ್ತದೆ. ಖಾಲಿ ಬದಿಯಲ್ಲಿ ತೊಗರಿಬೇಳೆ, ಹುಣಸೆಹಣ್ಣು, ಬಟ್ಟೆ ಸೋಪು ಎಂದು ಬರೆದುಕೊಟ್ಟರೆ ನಮ್ಮತ್ತೆ ಅದನ್ನು ಎದುರಿನ ನಂಜುಂಡಪ್ಪನವರ ಅಂಗಡಿಗೆ ಒಯ್ಯುತ್ತಾರೆ. ಇನ್ನೊಂದು ಬದಿಯಲ್ಲಿ ನನ್ನ ಹೆಸರು, ಅದರ ಕೆಳಗೊಂದು ಕ್ಯೂಆರ್ ಕೋಡ್. ನೂರು ಚೀಟಿ ಅಚ್ಚು ಹಾಕಿಸಿದ್ದೆ. ಸಮ್ಮೇಳನದಲ್ಲಿ ಹಂಚಲೆಂದು ಹುಟ್ಟಿದ ಅವು ಬೇಳೆಕಾಳಿನ ಪಾಲಾದ ಕಥೆಯನ್ನು ನಿಮ್ಮೆದುರು ಹೇಳಿಕೊಳ್ಳದೆ ಇನ್ನಾರ ಎದುರು ಹೇಳಿಕೊಳ್ಳಲಿ?

ನಾನು ಪಿರಿಯಾಪಟ್ಟಣದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಕುಳಿತು, ಯಾವ ಕಂಪನಿಯ ಹಂಗೂ ಇಲ್ಲದೆ, ಒಬ್ಬಳೇ ಆ್ಯಪ್ ಬರೆಯುವವಳು. ಹಂಗಿಲ್ಲ ಎಂದು ಹೇಳಿಕೊಳ್ಳುವುದು ಸೊಗಸು. ತಪ್ಪಾದ ದಿನ ತಿರುಗಿ ನೋಡಿದರೆ ಹಿಂದೆ ಯಾರೂ ಇರುವುದಿಲ್ಲ ಎನ್ನುವುದೂ ಆ ಸೊಗಸಿನ ಜತೆಗೇ ಬರುತ್ತದೆ. ನನ್ನ ಆ್ಯಪ್ ಹೊಗೆಸೊಪ್ಪಿನ ಬ್ಯಾರನ್‌ಗಳಿಗಾಗಿ ಬರೆದದ್ದು. ಬ್ಯಾರನ್ ಎಂದರೆ ಸೊಪ್ಪನ್ನು ಕಡ್ಡಿಗೆ ಕಟ್ಟಿ ತೂಗುಹಾಕಿ, ಒಲೆಯ ಕಾವಿನಲ್ಲಿ ದಿನಗಟ್ಟಲೆ ಹದಮಾಡುವ ಎತ್ತರದ ಮನೆ. ಕಾವು ಮೀರಿತೆಂದರೆ ಹೊಂಬಣ್ಣಕ್ಕೆ ತಿರುಗಬೇಕಾದ ಸೊಪ್ಪು ಕಂದಿಹೋಗುತ್ತದೆ. ಅದಕ್ಕೇ ಒಳಗೆ ಕಾವು ಅಳೆಯುವ ಒಂದು ಪುಟ್ಟ ಪೆಟ್ಟಿಗೆ, ಪೆಟ್ಟಿಗೆಯಲ್ಲೊಂದು ಸಿಮ್. ಕಾವು ಏರಿದೊಡನೆ ರೈತನ ಫೋನಿನಲ್ಲಿ ನನ್ನ ಆ್ಯಪ್ ಕೂಗಿಕೊಳ್ಳಬೇಕು. ಮೊದಲ ಪೆಟ್ಟಿಗೆಯನ್ನು ನನ್ನ ಮೇಲೆ ನಂಬಿಕೆಯಿಟ್ಟು ಹಾಕಿಸಿಕೊಂಡವರು ರಾವಂದೂರಿನ ರೈತ ಪುಟ್ಟಸ್ವಾಮಣ್ಣ.

ಹೋದ ವರ್ಷದ ಹಂಗಾಮಿನಲ್ಲಿ ಒಂದು ದಿನ ಅವರ ಫೋನ್ ಬಂತು. "ನಿಮ್ದು ಕೂಗ್ನೇ ಇಲ್ಲ ಕಣವ್ವ. ನಾನೂ ನಂಬ್ಕಂಡು ಗೊಬ್ರದ ಅಂಗ್ಡಿಗೆ ಓಗಿದ್ದೆ. ಒಂದು ಬ್ಯಾರನ್ ಸೊಪ್ಪು ಕಂದೋಯ್ತು. ಓಗ್ಲಿ ಬುಡಿ, ನೀವೇನ್ ಬೇಕೂಂತ ಮಾಡಿದ್ರಾ."

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಆ "ಓಗ್ಲಿ ಬುಡಿ" ತಿಂಗಳುಗಟ್ಟಲೆ ನನ್ನ ಅನ್ನದಲ್ಲಿ ಕಲ್ಲಿನ ಹಾಗೆ ಸಿಕ್ಕಿತು. ಕಾರಣ ಗೊತ್ತಾಗಿತ್ತು: ಬ್ಯಾಟರಿ ಉಳಿಸಲು ಈಗಿನ ಫೋನುಗಳು ನಾವು ಮುಟ್ಟದೆ ಬಿಟ್ಟ ಆ್ಯಪ್‌ಗಳನ್ನು ತಾವಾಗಿಯೇ ಮಲಗಿಸಿಬಿಡುತ್ತವೆ. ಪರಿಹಾರ ಗೊತ್ತಾಗಿರಲಿಲ್ಲ. ಇತ್ತ ಮುಂದಿನ ಹಂಗಾಮಿಗೆ ಇನ್ನೂ ಆರು ಮಂದಿ ಪೆಟ್ಟಿಗೆ ಕೇಳಿ ಕುಳಿತಿದ್ದರು, ಅದೂ ಪುಟ್ಟಸ್ವಾಮಣ್ಣನ ಮಾತು ಕೇಳಿ! ಬ್ಯಾರನ್‌ಗಳ ಒಲೆ ಹೊತ್ತುವುದರೊಳಗೆ ದಾರಿ ಕಾಣದಿದ್ದರೆ ಇವರೆಲ್ಲರಿಗೂ ಆಗುವುದಿಲ್ಲವೆಂದು ಹೇಳಿ ಕೋಣೆಗೆ ಬೀಗ ಹಾಕುವುದೆಂದು ನಿಶ್ಚಯಿಸಿದ್ದೆ. ಅಷ್ಟರಲ್ಲಿ ಮೈಸೂರಿನಲ್ಲಿ ನನ್ನಂತೆ ಸ್ವತಂತ್ರವಾಗಿ ಆ್ಯಪ್ ಬರೆಯುವವರದೊಂದು ಸಮ್ಮೇಳನ ನಡೆಯುವ ಸುದ್ದಿ ಸಿಕ್ಕಿತು. ನೂರು ಜನರಲ್ಲಿ ಒಬ್ಬರಿಗಾದರೂ ಈ ರೋಗದ ಮದ್ದು ಗೊತ್ತಿರಲೇಬೇಕೆಂದುಕೊಂಡು ಚೀಟಿ ಮಾಡಿಸಿದೆ. ಕೋಡಿಗೆ ಫೋನ್ ಹಿಡಿದರೆ ನನ್ನ ಆ್ಯಪ್ ತೆರೆದುಕೊಳ್ಳಬೇಕು. ನನ್ನ, ಯಜಮಾನರ, ಅತ್ತೆಯ, ಮೂರು ಫೋನಿನಲ್ಲೂ ಪರೀಕ್ಷಿಸಿದೆ, ಮೂರರಲ್ಲೂ ಚೆನ್ನಾಗಿ ತೆರೆಯಿತು.

ಹುಣಸೂರು ದಾಟುವವರೆಗೂ ಬಸ್ಸಿನಲ್ಲಿ ಮನಸ್ಸಿನೊಳಗೇ ಮಾತು ಜೋಡಿಸಿಕೊಂಡೆ. ಬಿಳಿಕೆರೆ ಬರುವಷ್ಟರಲ್ಲಿ ಎಲ್ಲ ಮರೆತುಹೋಗಿತ್ತು.

ಸಮ್ಮೇಳನದಲ್ಲಿ ಭಾಷಣಗಳು ಕಷ್ಟವಲ್ಲ, ಸುಮ್ಮನೆ ಕುಳಿತರಾಯಿತು. ಕಷ್ಟವಿರುವುದು ಕಾಫಿಯ ವಿರಾಮದಲ್ಲಿ. ನಾಲ್ಕೈದು ಜನ ಮುಖಾಮುಖಿಯಾಗಿ ದುಂಡಗೆ ನಿಂತು ನಗುತ್ತಿರುತ್ತಾರೆ. ಆ ದುಂಡಿನೊಳಗೆ ಹೊರಗಿನವಳೊಬ್ಬಳು ಯಾವ ಸಂದಿಯಿಂದ ಕಾಲಿಡಬೇಕು, ನೀವೇ ಹೇಳಿ. ನಮ್ಮ ಕಡೆ ಗುರುತಿಲ್ಲದವರು ಎದುರಾದರೆ ಯಾವೂರು, ಯಾರ ಮನೆಯವರು ಎಂದು ಕೇಳುತ್ತಾರೆ, ಎರಡನೆಯ ಪ್ರಶ್ನೆಗೇ ಯಾವುದೋ ಒಂದು ನಂಟು ಸಿಕ್ಕಿ, ಮೂರನೆಯದಕ್ಕೆ ಊಟಕ್ಕೆ ಕರೆಯುತ್ತಾರೆ. ಇಲ್ಲಿ ಮೊದಲ ಪ್ರಶ್ನೆಯೇ "ನೀವು ಏನು ಮಾಡ್ತಿದ್ದೀರಿ?" ಎಂಬುದು. ಉತ್ತರ ಲೋಟದ ಕಾಫಿ ಮುಗಿಯುವುದರೊಳಗೆ ಮುಗಿಯಬೇಕು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ನಾನು ಸುಗ್ಗಿಯಲ್ಲೂ ಉಪವಾಸ ಬೀಳುವವಳು.

ಇದಕ್ಕೆ ನಮ್ಮಪ್ಪನ ಪಾಠವೂ ಕಾರಣ. ಚಿಕ್ಕಂದಿನಲ್ಲಿ ಹೊಗೆಸೊಪ್ಪಿನ ಹರಾಜಿಗೆ ಅವರ ಜತೆ ಹೋಗುತ್ತಿದ್ದೆ. ಸೊಪ್ಪಿನ ಬೇಲುಗಳನ್ನು, ಎಂದರೆ ಬಿಗಿದು ಕಟ್ಟಿದ ಹೊರೆಗಳನ್ನು, ಸಾಲಾಗಿ ಇಟ್ಟಿರುತ್ತಾರೆ. ಕೊಳ್ಳುವವರು ಸಾಲಿನುದ್ದಕ್ಕೂ ನಡೆಯುತ್ತ ಸೊಪ್ಪನ್ನು ಎಳೆದು, ಮುಟ್ಟಿ, ಮೂಸಿ ನೋಡುತ್ತಾರೆ. "ನಮ್ ಬೇಲ್ ಪಕ್ಕ ನಿಂತ್ಕೊ. ಬಾಯಿ ಬುಡ್‌ಬ್ಯಾಡ. ಸೊಪ್ಪೇ ಮಾತಾಡ್ತದೆ" ಎನ್ನುತ್ತಿದ್ದರು ಅಪ್ಪ. ಅಷ್ಟು ವರ್ಷಗಳ ಮೇಲೆ ಆ ಸಭಾಂಗಣದಲ್ಲಿ ನಾನು ಮಾಡಿದ್ದೂ ಅದನ್ನೇ: ಒಂದು ಕಂಬದ ಪಕ್ಕ, ಕೊರಳಲ್ಲಿ ಹೆಸರಿನ ಪಟ್ಟಿ ಹಾಕಿಕೊಂಡು, ಕೈಯಲ್ಲಿ ಚೀಟಿ ಹಿಡಿದು, ಬಾಯಿ ಬಿಡದೆ ನಿಂತೆ. ನನ್ನ ಸೊಪ್ಪು ಫೋನಿನೊಳಗಿದೆ, ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದು ಹೊಳೆಯಲು ಅರ್ಧ ದಿನ ಹಿಡಿಯಿತು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಧೈರ್ಯ ತಂದುಕೊಂಡು ಕೊನೆಗೆ ಚೀಟಿ ಹಂಚತೊಡಗಿದೆ. ಹುಡುಗಿಯೊಬ್ಬಳು ಕೂಡಲೇ ಫೋನ್ ಹಿಡಿದಳು. ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. "ನೆಟ್‌ವರ್ಕ್ ಇಲ್ಲ ಅನ್ಸುತ್ತೆ" ಎಂದು ಪಾಪ ಅವಳೇ ನನ್ನ ಮಾನ ಕಾಪಾಡಿ ಹೊರಟಳು. ಇನ್ನೊಬ್ಬರದರಲ್ಲೂ ಚಕ್ರ, ಮತ್ತೊಬ್ಬರದರಲ್ಲೂ ಚಕ್ರ. ಹನ್ನೊಂದು ಚೀಟಿ ಕೈಬಿಡುವಷ್ಟರಲ್ಲಿ ಸಭೆಯ ಗದ್ದಲವೆಲ್ಲ ನನ್ನ ಬಗ್ಗೆಯೇ ಎಂಬಂತೆ ಕೇಳಿಸತೊಡಗಿತು. ಕೈ ತೊಳೆಯುವ ನೆಪದಲ್ಲಿ ಹೊರಗಿನ ಪಡಸಾಲೆಗೆ ಓಡಿದೆ.

ಅಲ್ಲಿ ಆಗಲೇ ಒಬ್ಬರು ನಿಂತಿದ್ದರು. ನಲವತ್ತರ ಆಸುಪಾಸಿನವರು, ಫೋನನ್ನೇ ದಿಟ್ಟಿಸುತ್ತಿದ್ದರು. ಪರದೆ ಮಾತ್ರ ಆರಿತ್ತು. ಈ ಉಪಾಯ ನನಗೂ ಚೆನ್ನಾಗಿ ಗೊತ್ತಿದ್ದುದರಿಂದ ನಗು ಬಂತು. ಅವರೂ ನಕ್ಕು, ನನ್ನ ಕೊರಳಿನ ಪಟ್ಟಿ ಓದಿದರು.

"ಪಿರಿಯಾಪಟ್ಟಣವಾ? ನಾನು ಬೀಚನಹಳ್ಳಿಯೋನು ಕಣ್ರೀ. ಮಾದಪ್ರಸಾದ ಅಂತ."

ಯಾವೂರು ಎಂಬ ಒಂದು ಮಾತಿಗೆ ನನ್ನ ಅಳುಕು ಅರ್ಧ ಇಳಿಯಿತು. ಅವರೂರಿನ ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿಯನ್ನು ಹೊಳೆಯಂಚಿನ ಜಮೀನಿನವರಿಗೆ ತಿಳಿಸುವ ಆ್ಯಪ್ ಅವರದು. ಅವರು ನನ್ನ ಚೀಟಿಗೆ ಫೋನ್ ಹಿಡಿದು, ಚಕ್ರ ಸುತ್ತುವಾಗ ಮೇಲಿನ ವಿಳಾಸ ಓದಿ, ತಲೆ ಅಲ್ಲಾಡಿಸಿದರು.

"ಇದು ನಿಮ್ ಮನೆ ಒಳಗಿನ ವಿಳಾಸ ಅಲ್ವೇನ್ರೀ? ಪರೀಕ್ಷೆಗೆ ಇಟ್ಕಂಡಿದ್ದನ್ನೇ ಅಚ್ಚು ಹಾಕ್ಸ್‌ಬುಟ್ಟಿದ್ದೀರಿ. ನಿಮ್ ವೈಫೈನಾಗೆ ಬುಟ್ರೆ ಇದು ಎಲ್ಲೂ ತೆರಿಯಾಕಿಲ್ಲ. ಬೀದಿಗೆ ಬಂದು ಒಂದ್ಸಲ ನೋಡಿದ್ರೆ ಆಗಿತ್ತು."

ನೆಲ ಬಾಯಿಬಿಡಬಾರದೇ ಅನ್ನಿಸಿತು. ಮೂರು ಫೋನಿನಲ್ಲಿ ಪರೀಕ್ಷಿಸಿದ್ದೆ, ನಿಜ. ಮೂರೂ ಹೊಸ್ತಿಲ ಒಳಗಿದ್ದವು. ಆದರೆ ಒಮ್ಮೆ ಮಾನ ಹೋದ ಮೇಲೆ ಹೆದರಿಕೆಗೂ ಕೆಲಸವಿರುವುದಿಲ್ಲ ನೋಡಿ. ಪುಟ್ಟಸ್ವಾಮಣ್ಣನ ಸೊಪ್ಪು ಕಂದಿದ್ದನ್ನು, ಮಲಗುವ ಫೋನನ್ನು, ಕಾದಿರುವ ಆರು ಮಂದಿಯನ್ನು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

"ನಂಗೂ ಆಗಿತ್ತು" ಎಂದರು ಅವರು. "ಆ್ಯಪ್ ಕೈಲಿ ಕೂಗ್ಸೋದು ಬುಟ್‌ಬುಡಿ. ಪೆಟ್ಟಿಗೇಲಿ ಸಿಮ್ ಐತಲ್ಲ, ಅದ್ರಿಂದ್ಲೇ ಫೋನ್ ಮಾಡ್ಸಿ. ಕರೆ ಬಂದ್ರೆ ಅದು ಎದ್ದೇ ಏಳ್ತದೆ."

ಇಷ್ಟೇ. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದಕ್ಕೆ ಉತ್ತರ ಇಷ್ಟು ಸರಳವಿತ್ತು. ಅವರ ಬಳಿ ಚೀಟಿಗೀಟಿ ಇರಲಿಲ್ಲ. ನನ್ನದರ ಬೆನ್ನಿಗೇ ತಮ್ಮ ನಂಬರು ಬರೆದುಕೊಟ್ಟರು. ಆ ಬೆನ್ನು ಯಾವುದಾದರೂ ಉಪಯೋಗಕ್ಕೆ ಬರುತ್ತದೆಂದು ನನಗೆ ತಿಳಿದದ್ದು ಆಗಲೇ.

ಆಮೇಲೂ ಆತಂಕ ಹೋಯಿತೆಂದು ತಿಳಿಯಬೇಡಿ. ಪೆಟ್ಟಿಗೆಯನ್ನು ತಿದ್ದಿ, ರಾವಂದೂರಿಗೆ ಹೋಗಿ, ಅದರ ಕಾವು ಅಳೆಯುವ ತಂತಿಯನ್ನು ಬಿಸಿನೀರಿನಲ್ಲಿ ಅದ್ದಿ ಹತ್ತು ಸಲ ಕರೆ ಮಾಡಿಸಿ ನೋಡಿದರೂ, ಬ್ಯಾರನ್‌ಗಳ ಒಲೆ ಹೊತ್ತಿದ ದಿನದಿಂದ ನನ್ನ ಫೋನ್ ರಿಂಗಾದರೆ ಮೊದಲು ಯಾರ ಹೆಸರೆಂದು ನೋಡುತ್ತಿದ್ದೆ. ಒಂದು ಮಧ್ಯಾಹ್ನ ಪುಟ್ಟಸ್ವಾಮಣ್ಣನ ಹೆಸರು ಮೂಡಿತು. ಎತ್ತಿದೆ.

"ನಿಮ್ ಪೆಟ್ಗೆ ಫೋನ್ ಮಾಡಿತ್ತು ಕಣವ್ವ. ಅಲೋ ಅಲೋ ಅಂದೆ, ಯಾರೂ ಮಾತಾಡ್ನಿಲ್ಲ. ಓಡೋಗಿ ಸೌದೆ ಎಳ್ದಾಕ್ದೆ."

"ಸೊಪ್ಪು?" ಎಂದೆ.

"ಉಳ್ಕತ್ತು."

ಮಹಡಿಯ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಸಂತೋಷಕ್ಕೇ ಅತ್ತದ್ದು.

ಹೋದ ವಾರ ಹೊಸ ಚೀಟಿ ಮಾಡಿಸಲು ಹೊರಟೆ. ಅಚ್ಚಿಗೆ ಕೊಡುವ ಮೊದಲು ಮಾದಪ್ರಸಾದರ ಮಾತು ನೆನಪಾಗಿ, ಮಾದರಿಯನ್ನು ಹಿಡಿದುಕೊಂಡು ಬೀದಿ ದಾಟಿದೆ. ಈ ಮನೆಗೆ ಸೊಸೆಯಾಗಿ ಬಂದ ಆರು ವರ್ಷದಲ್ಲಿ ನಂಜುಂಡಪ್ಪನವರ ಅಂಗಡಿಗೆ ನಾನಾಗಿ ಹೋದದ್ದು ಬೆರಳೆಣಿಕೆಯಷ್ಟು ಸಲ. ನಿಮ್ಮ ಫೋನಿನಲ್ಲಿ ಇದು ತೆರೆಯುತ್ತದೆಯೇ ನೋಡುತ್ತೀರಾ ಎಂದು ಕೇಳಿದೆ. ಅವರು ಕನ್ನಡಕ ಏರಿಸಿ, ಅಭ್ಯಾಸವಿದ್ದವರಂತೆ ಫೋನ್ ಹಿಡಿದರು.

"ಈ ಸಲ ತೆರ್ಕತ್ತು ಕಣಮ್ಮ" ಎಂದರು.

ಈ ಸಲ ಎಂದರೇನೆಂದು ನಾನು ಕೇಳುವ ಮುಂಚೆಯೇ, ಗೋಡೆಯ ಪಕ್ಕದ ಕಂಬಿಗೆ ಚುಚ್ಚಿಟ್ಟಿದ್ದ ನಮ್ಮ ಮನೆಯ ಚೀಟಿಗಳತ್ತ ಕೈ ತೋರಿಸಿದರು. "ನಿಮ್ಮತ್ತೆಯೋರು ತಂದಾಗ್ಲೆಲ್ಲ ತಿರುಗ್ಸಿ ನೋಡ್ತಿದ್ದೆ. ಒಂದ್ಸಲಾನೂ ತೆರೀನಿಲ್ಲ. ಮ್ಯಾಲೆ ಕೂತ್ಕಂಡು ನೀವು ಏನ್ ಮಾಡ್ತೀರಿ ಅಂತ ಕೇಳಾಣ ಅಂದ್ಕಂಡೆ. ಏನಂದ್ಕತ್ತೀರೋ ಅಂತ ಸಂಕೋಚ ಆಯ್ತು."

ಬೇಳೆ, ಹುಣಸೆಹಣ್ಣು, ಸೋಪು, ಪ್ರತಿಯೊಂದರ ಬೆನ್ನಿಗೂ ನನ್ನ ಹೆಸರು ತೂಗುತ್ತಿತ್ತು. ಅಂಗಡಿಯ ಬೆಂಚಿನ ಮೇಲೆ ಕುಳಿತು, ಏನು ಮಾಡುತ್ತಿದ್ದೇನೆಂದು ಮೊದಲಿನಿಂದ ಹೇಳತೊಡಗಿದೆ.