ಖಾಲಿ ಪೆಟ್ಟಿಗೆಗೆ ಎಳೆದ ಗೆರೆಗಳು

ನಮ್ಮ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ಬಾಗಲಕೋಟೆ ಕಡೆಯ ಹುಡುಗಿಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಸುತ್ತಿ ಬಳಸಿ ಹೇಳುವುದೇಕೆ, ಶುದ್ಧ ಹೊಟ್ಟೆಕಿಚ್ಚು. ವೈಟ್‌ಫೀಲ್ಡಿನ ನನ್ನ ಕಂಪನಿಯಲ್ಲೇ, ನನ್ನ ಟೀಮಿನಲ್ಲೇ ಅವಳಿಗೆ ಕೆಲಸ. ಇರಲು ಜಾಗವಿಲ್ಲ ಎಂದಾಗ ವರ್ತೂರಿನ ನಮ್ಮ ಮನೆಗೆ ಕರೆದುಕೊಂಡು ಬಂದವಳೂ ನಾನೇ. ನನ್ನ ಕರ್ಮ!

ಬೆಳಗಾದರೆ ಅಮ್ಮನ ಬಾಯಲ್ಲಿ ಅವಳದೇ ಜಪ. "ಆ ಮಗು ನೋಡು, ಅಷ್ಟೊತ್ಗೇ ಎದ್ದು ಮೆಟ್ಲೆಲ್ಲ ಗುಡ್ಸಿ ರಂಗೋಲಿ ಬಿಟ್ಟವಳೆ. ನೀನೂ ಇದೀಯ." ನಾನು ಓದಿದೆ, ಕೆಲಸಕ್ಕೆ ಸೇರಿದೆ, ಮನೆಗೆ ಫ್ರಿಜ್ ತಂದೆ. ಅಮ್ಮ ಒಂದು ದಿನವೂ ನನ್ನನ್ನು ಹಾಗೆ ಹೊಗಳಿದವಳಲ್ಲ. ಆ ವರ್ಷ ನಮ್ಮ ಟೀಮಿಗೊಬ್ಬ ಲೀಡ್ ಬೇಕೆಂಬ ಮಾತು ಎದ್ದಿತು. ಆ ಹುದ್ದೆ ನನಗೇ ಸಿಗಬೇಕು, ಸಿಕ್ಕ ದಿನ ಹೋಗಿ ಅಮ್ಮನ ಎದುರು ನಿಲ್ಲಬೇಕು, ಅವಳು ಒಂದೇ ಒಂದು ಸಲ "ನನ್ ಮಗಳು" ಎಂದು ಬಾಯಿತುಂಬ ಹೇಳಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಫೋನಿನ ಆ್ಯಪ್‌ಗಳಿಗೆ ಪರದೆ, ಅಂದರೆ ಸ್ಕ್ರೀನ್, ಕಟ್ಟುವುದು ನಮ್ಮ ಕೆಲಸ. ಬಟನ್, ಚಿತ್ರ, ಅಕ್ಷರ ಎಲ್ಲವನ್ನೂ ಮೌಸಿನಲ್ಲಿ ಎಳೆದು ತಂದು ಕೂರಿಸುವುದು. ಪಕ್ಕದಲ್ಲೊಂದು ಪೆಟ್ಟಿಗೆಯ ಚಿತ್ರವಿರುತ್ತದೆ. ಅದರೊಳಗೆ ಏನೂ ಇಲ್ಲ. ಬಟನ್ ಒತ್ತಿದಾಗ ಏನಾಗಬೇಕೆಂದು ನೋಡಿಕೊಳ್ಳುವ ಕೋಡಿನ ತುಂಡೇ ಪರದೆಯ ಒಡೆಯ; ಅವನ ಬದಲಿಗೆ ಈ ಪೆಟ್ಟಿಗೆ ಸುಮ್ಮನೆ ಅಲ್ಲಿ ಕೂತಿರುತ್ತದೆ. ಬಟನ್‌ಗಳಿಂದ ಆ ಪೆಟ್ಟಿಗೆಗೆ ಗೆರೆ ಎಳೆದಿಡಬೇಕು. ಆ್ಯಪ್ ಓಡುವಾಗ ಪರದೆ ತೆರೆಯುವ ಕೋಡ್ ನಿಜವಾದ ಒಡೆಯನನ್ನು ತಂದು ಒಪ್ಪಿಸಿದರೆ ಗೆರೆಗಳೆಲ್ಲ ಅವನಿಗೆ ಸೇರಿಕೊಳ್ಳುತ್ತವೆ.

ಅವಳಿಗೆ ಇದು ತಲೆಗೇ ಹೋಗಲಿಲ್ಲ. "ಅಕ್ಕಾ, ಏನೂ ಇಲ್ದ ಡಬ್ಬಿಗೆ ಗೆರಿ ಯಾಕ ಎಳೀಬೇಕ್ರಿ?" ಎಂದು ಜೀವ ತಿಂದಳು.

"ಲೇ, ಬಸ್ ಕಿಟಕೀಲಿ ಕರ್ಚೀಫ್ ಹಾಕಿ ಸೀಟ್ ಹಿಡಿಯಲ್ವಾ? ಕರ್ಚೀಫೇನು ಟಿಕೆಟ್ ತಗೊಳತ್ತಾ? ಆಮೇಲೆ ಹತ್ತಿದೋರು ಬಂದು ಕೂತ್ಕೋತಾರೆ. ಇದೂ ಅಷ್ಟೇ ಕಣೇ!" ಎಂದು ರೇಗಿದೆ.

ಮುಂದೆ ಗಿರಾಕಿ ಕಂಪನಿಯವರು ಹೊರದೇಶದಿಂದ ಬಂದಾಗ ಇವಳು ಎದ್ದು ನಿಂತು ಅದೇ ಕರ್ಚೀಫಿನ ಕಥೆಯನ್ನು ತನ್ನ ಊರಿನ ಇಂಗ್ಲಿಷಿನಲ್ಲಿ ಹೇಳಬೇಕೇ! ಬಂದವರೆಲ್ಲ ಬಿದ್ದು ಬಿದ್ದು ನಕ್ಕರು. ಮ್ಯಾನೇಜರ್ ಮುಖ ಅರಳಿತು. "ಇದನ್ನ ಅಕ್ಕ ಹೇಳಿಕೊಟ್ಟಿದ್ದು" ಎಂದು ಅವಳು ನನ್ನ ಕಡೆ ಕೈ ತೋರಿಸಿದಳು, ನಿಜ. ಆ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ನನಗೆ ಮಾತ್ರ ಕೇಳಿಸಿತು, ಇನ್ನಷ್ಟು ಮೈ ಉರಿಯಿತು. ಕದ್ದಿದ್ದರೆ ಕಳ್ಳಿ ಎಂದು ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆಮೇಲೆ ಪರದೆ ತೋರಿಸುವ ಸರದಿ. ಎಲ್ಲ ಚೆನ್ನಾಗಿ ಮೂಡಿ ಬಂತು. ಬಟನ್ ಒತ್ತಿದರೆ ಮಾತ್ರ ಊಹೂಂ, ಏನೂ ಆಗಲಿಲ್ಲ. ನನಗೆ ತಕ್ಷಣ ಹೊಳೆಯಿತು. ಗೆರೆಗಳು ನನ್ನವು, ಸರಿಯಾಗಿದ್ದವು. ಪರದೆ ತೆರೆಯುವ ಕೋಡ್ ಅವಳದು. "ಒಡೆಯನನ್ನೇ ಕೊಟ್ಟಿಲ್ಲ ಇವಳು! ಆ ಜಾಗ ಖಾಲಿ ಬಿಟ್ಟಿದಾಳೆ!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಈಗ ತಲೆ ತಗ್ಗಿಸುತ್ತಾಳೆ ಎಂದುಕೊಂಡೆ. ಎಲ್ಲಿ! "ಅಯ್ಯ, ಹೌದ್ ನೋಡ್ರಿ, ಕರ್ಚೀಫ್ ಹಾಕಿ ಮಂದೀನ ಹತ್ತಿಸೋದ ಮರತೇನಿ" ಎಂದು ನಕ್ಕು, ಅದನ್ನೇ ಬಂದವರಿಗೂ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಬಗ್ಗಿ ಅವಳ ಕೋಡ್ ತಿದ್ದುತ್ತಿದ್ದೆ. ಅವರು ಅವಳ ಮಾತು ಕೇಳುತ್ತ ಕಾಫಿ ಕುಡಿಯುತ್ತಿದ್ದರು. ಕೆಟ್ಟಿತ್ತು ಎಂಬುದೇ ಅವರಿಗೆ ಮರೆತುಹೋಯಿತು.

ಒಂದು ಮಧ್ಯಾಹ್ನ ಮ್ಯಾನೇಜರ್ ನನ್ನನ್ನು ಕರೆದರು. "ಕಂಗ್ರಾಟ್ಸ್, ಲೀಡ್ ನೀವೇ." ನನಗೆ ಎದ್ದು ಕುಣಿಯುವಷ್ಟು ಖುಷಿ. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ ಆ ಮನುಷ್ಯ! "ನಿಜ ಹೇಳ್ಬೇಕಂದ್ರೆ ಫಸ್ಟ್ ನಿಮ್ಮನೇಲಿ ಬಾಡಿಗೆಗಿದಾರಲ್ಲ, ಅವ್ರನ್ನ ಕೇಳಿದ್ವಿ. ಅವ್ರೇ ಬೇಡ ಅಂದ್ರು. ಕೆಲಸ ಬರೋದು ಅಕ್ಕಂಗೆ, ಅವರಿಗೇ ಕೊಡಿ ಅಂತ ಹಟ ಹಿಡಿದ್ರು. ಒಳ್ಳೆ ಹುಡುಗಿ ಕಣ್ರೀ."

"ಹೂಂ ಸಾರ್" ಎಂದೆ. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಬೇಕೇ ಬೇಕಿತ್ತು. ಹೋಗಲಿ, ಈ ಹಿಂದಿನ ಕಥೆ ಅಮ್ಮನಿಗೆ ಹೇಗೆ ಗೊತ್ತಾಗುತ್ತದೆ ಎಂದು ಸಮಾಧಾನ ಮಾಡಿಕೊಂಡು ಸಂಜೆ ಬಸ್ ಹತ್ತಿದೆ.

ಬಾಗಿಲಲ್ಲೇ ಒಬ್ಬಟ್ಟಿನ ವಾಸನೆ ಬಂತು. ಚಪ್ಪಲಿ ಬಿಡುವ ಮೊದಲೇ "ಅಮ್ಮಾ, ನಂಗೆ ಲೀಡ್ ಸಿಕ್ತು!" ಎಂದು ಕೂಗಿದೆ.

"ಗೊತ್ತು ಕಣೇ. ಆ ಮಗು ಆಗ್ಲೇ ಬಂದು ಹೇಳ್ತು." ಅಮ್ಮ ಹೆಂಚಿನ ಮೇಲಿಂದ ತಲೆ ಎತ್ತಲಿಲ್ಲ. "ನಿಂಗೆಂಗೆ ಕೊಟ್ರು ಅಂತ ನಾನೇ ಬಾಯ್ ಬಿಡಿಸ್ದೆ. ತನಗ್ ಬಂದಿದ್ದನ್ನ ನಿಂಗೆ ಬಿಟ್ಕೊಟ್ಟವಳಂತೆ! ಇಂಥ ದೊಡ್ ಮನ್ಸು ಯಾರ್ಗಿರ್ತದೆ ಹೇಳು."

ಬಿಸಿ ಒಬ್ಬಟ್ಟಿಗೆ ತುಪ್ಪ ಸುರಿದು, ತಟ್ಟೆ ಹಿಡಿದು ಅಮ್ಮ ನನ್ನನ್ನು ದಾಟಿಕೊಂಡು ಮೆಟ್ಟಿಲು ಹತ್ತಿದಳು. ನಾನು ಬ್ಯಾಗೂ ಇಳಿಸದೆ ಅಡುಗೆಮನೆಯಲ್ಲಿ ನಿಂತಿದ್ದೆ.

ಮೇಲಿನಿಂದ ಕೂಗು ಬಂತು. "ಅಂಗೇ ನಿಂತ್ಕೋಬ್ಯಾಡ, ಬಾರೇ! ಬಂದು ಆ ಮಗೂಗೆ ಒಂದ್ ಥ್ಯಾಂಕ್ಸ್ ಹೇಳು!"

ಹೋದೆ. ಹೇಳಿದೆ. ಅಷ್ಟು ಕಷ್ಟಪಟ್ಟು ನಾನು ಇನ್ನಾವ ಮಾತನ್ನೂ ಆಡಿಲ್ಲ.