ಅಣ್ಣನ ಪೆನ್ಸಿಲ್, ತಂಗಿಯ ಶಾಯಿ

ನಮ್ಮ ಕಾಮಿಕ್ಸ್ ಪತ್ರಿಕೆಗೆ ಪೆನ್ಸಿಲ್‌ನಲ್ಲಿ ಚಿತ್ರ ಬಿಡಿಸುತ್ತಿದ್ದವನು ಅಣ್ಣ. ಅದರ ಮೇಲೆ ಶಾಯಿ ಹಾಕುತ್ತಿದ್ದವಳು ಅವನ ಒಡಹುಟ್ಟಿದ ತಂಗಿ. ಅವಳು ಕರೆದು ಕರೆದು ಅವನು ಇಡೀ ಆಫೀಸಿಗೇ ಅಣ್ಣನಾಗಿದ್ದ. ಪಾತ್ರಗಳ ಬಾಯಿಂದ ಹೊರಡುವ ಮಾತನ್ನು ಗುಳ್ಳೆಗಳೊಳಗೆ ಬರೆಯುವುದು ನನ್ನ ಕೆಲಸ. ಅಕ್ಷರ ದುಂಡಗಿದೆಯೆಂದು ನನ್ನನ್ನು ಮೇಷ್ಟ್ರು ಮಾಡಿಬಿಟ್ಟಿದ್ದರು.

ಅಣ್ಣ ಶುದ್ಧ ಸೋಮಾರಿ. ಮುಖ ಬಿಡಿಸಿ ಕಣ್ಣಿನ ಜಾಗ ಖಾಲಿ ಬಿಡುತ್ತಿದ್ದ. ಕಥೆಯಲ್ಲಿ ಮಾರುಕಟ್ಟೆ ಬಂದರೆ ನಾಲ್ಕು ಗೀಟು ಎಳೆದು, ಪಕ್ಕದಲ್ಲಿ ‘ಜನ’ ಎಂದು ಗೀಚಿ, ಟೀ ಕುಡಿಯಲು ಹೊರಟುಬಿಡುತ್ತಿದ್ದ. ತಂಗಿ ಗೊಣಗುತ್ತಲೇ ಕುಂಚ ಎತ್ತಿಕೊಂಡು ಆ ಗೀಟುಗಳಲ್ಲಿ ಮೂವತ್ತು ಜನರನ್ನು ತುಂಬುತ್ತಿದ್ದಳು. ಶಾಯಿ ಒಣಗಿದ ಮೇಲೆ ರಬ್ಬರ್ ತಿಕ್ಕಿ ಪೆನ್ಸಿಲ್ ಗೆರೆ ಅಳಿಸುತ್ತಿದ್ದವಳೂ ಅವಳೇ. ಇಪ್ಪತ್ತೆರಡು ವರ್ಷ ಓದುಗರು ಕೊಂಡಾಡಿದ್ದು ಮಾತ್ರ ಅಣ್ಣನನ್ನು.

ಆಮೇಲೆ ಅವಳ ಬಲಗೈ ನಡುಗತೊಡಗಿತು. ಸಂಪಾದಕರು ಹೊಸಬರನ್ನು ಕರೆಸಿದರು. ಮೊದಲು ಬಂದವನ ಕುಂಚ ದಪ್ಪ. ನಮ್ಮ ಕಥೆಯ ಅಜ್ಜಿಗೆ ಪೈಲ್ವಾನನ ತೋಳು ಬಂದವು. ಎರಡನೆಯವನು ಪೆನ್ನಿನವನು, ಪೆನ್ಸಿಲ್ ಹೋದಲ್ಲೇ ಹೋಗುವ ಶಿಸ್ತಿನ ಮನುಷ್ಯ. ಅಣ್ಣ ಖಾಲಿ ಬಿಟ್ಟ ಕಣ್ಣನ್ನು ಅವನೂ ಖಾಲಿಯೇ ಬಿಟ್ಟ. ಆ ಪುಟ ನೋಡಿ ಅಣ್ಣನ ಮುಖ ಸಪ್ಪಗಾಯಿತು.

“ಇಷ್ಟು ವರ್ಷ ನಾನು ಬಿಡಿಸಿದ್ದು ಇಷ್ಟೇನಾ, ಮೇಷ್ಟ್ರೇ?”

ನಾನು ಆ ಖಾಲಿ ಕಣ್ಣಿನ ಪಕ್ಕದ ಗುಳ್ಳೆಯಲ್ಲಿ ಮಾತು ಬರೆಯತೊಡಗಿದೆ.

ಕೆಲಸ ಹೋಯಿತೆಂದು ತಂಗಿಗೆ ಹೇಳುವ ಧೈರ್ಯ ಅವನಿಗಾಗಲಿಲ್ಲ. ಶಾಯಿ ಬಿಟ್ಟರೆ ಅವಳಿಗೆ ಬೇರೆ ಪ್ರಪಂಚವೇ ಇರಲಿಲ್ಲ. ಹಾಗಾಗಿ ಒಂದು ಉಪಾಯ ಹೂಡಿದ. ಕೆಳಗೆ ದೀಪವಿದ್ದ ಗಾಜಿನ ಮೇಜಿನ ಮೇಲೆ ಪೆನ್ನಿನವನು ಪುಟವನ್ನು ಬೇರೆ ಹಾಳೆಗೆ ನಕಲಿಳಿಸಿಕೊಳ್ಳುತ್ತಿದ್ದ. ಅಚ್ಚಿಗೆ ಹೋಗುತ್ತಿದ್ದುದು ಅದು. ಮನೆಯಲ್ಲೇ ಕೂತು ನಿಧಾನವಾಗಿ ಮಾಡು ಎಂಬ ಮಾತಿನೊಂದಿಗೆ ಮೂಲ ಪುಟ ತಂಗಿಯ ಮನೆಗೆ ಹೋಗುತ್ತಿತ್ತು. ಅವಳು ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು, ನಾಲ್ಕು ದಿನ ಕೂತು ಶಾಯಿ ಹಾಕಿ ಕಳಿಸಿದ್ದು ಅಣ್ಣನ ಡ್ರಾಯರ್ ಸೇರುತ್ತಿತ್ತು. ನಕಲಿಗೆ ಗೆರೆ ಸ್ಪಷ್ಟವಾಗಿರಬೇಕಲ್ಲ, ಅಣ್ಣ ಈಗ ರೆಪ್ಪೆಯ ಕೂದಲನ್ನೂ ಒತ್ತಿ ಬಿಡಿಸುತ್ತಿದ್ದ. ನಕಲಿನ ಮೇಲೆ ಮಾತು ಬರೆದವನು ನಾನು. ಪಾಪದಲ್ಲಿ ನನಗೂ ಪಾಲಿದೆ.

ಸಂಚಿಕೆ ಎಲ್ಲಿ ಎಂದು ಅವಳು ಕೇಳಿದಾಗಲೆಲ್ಲ ಅಚ್ಚು ತಡವಾಗಿದೆ ಎಂದು ಅಣ್ಣ ಮೂರು ತಿಂಗಳು ಸಾಗಹಾಕಿದ. ಒಂದು ಬೆಳಿಗ್ಗೆ, ಅಂಗಡಿಯಲ್ಲಿ ಕೊಂಡ ಸಂಚಿಕೆ ಹಿಡಿದು ಅವಳೇ ಆಫೀಸಿಗೆ ಬಂದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

“ಗೆರೆ ಚೆನ್ನಾಗಿದೆ. ಯಾರದು?”

ಅಣ್ಣ ಪೆನ್ನಿನವನ ಕಡೆ ನೋಡಿದ. “ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಕಣೇ.”

“ಮೂರು ತಿಂಗಳಿಂದ ರೆಪ್ಪೆ ಸಮೇತ ಬಿಡಿಸಿ ಕಳಿಸ್ತಿದ್ದೆ. ಅದು ಇವರಿಗೋಸ್ಕರಾನಾ?”

ಅಣ್ಣ ತಲೆ ತಗ್ಗಿಸಿ ಪೆನ್ಸಿಲ್ ಚೂಪು ಮಾಡತೊಡಗಿದ.

“ನನ್ನ ಕೈ ನೋಡಿ ಹಾಗೆ ಮಾಡ್ತಿದೀಯ ಅನ್ಕೊಂಡಿದ್ದೆ ಅಣ್ಣ. ಅಕ್ಕಪಕ್ಕದ ಮನೆಯವರಿಗೆಲ್ಲ ಹೇಳ್ಕೊಂಡು ಬಂದಿದ್ದೆ, ನಮ್ಮಣ್ಣ ನನಗೋಸ್ಕರ ಸೋಮಾರಿತನ ಬಿಟ್ಟ ಅಂತ.”

ಅಣ್ಣ ತಲೆ ಎತ್ತಲಿಲ್ಲ. ಅವಳು ಮೆಟ್ಟಿಲಿಳಿದು ಹೋದ ಮೇಲೂ ಎತ್ತಲಿಲ್ಲ.