ಉಂಗುರಬಳ್ಳಿಯ ಬೇರುಗಂಟು

ಬೀಜದ ಕೋಣೆಯ ಮೇಡಂಗೆ ಗೊಂದಲ ಅನ್ನುವುದು ಯಾವ ಕಾಯಿಲೆ ಎಂದೇ ಗೊತ್ತಿರಲಿಲ್ಲ. ಇಪ್ಪತ್ತೇಳು ವರ್ಷ ಸಸ್ಯತೋಟದ ಅದೇ ಕೋಣೆ, ಕಿಟಕಿ ಪಕ್ಕದ ಅದೇ ಮೇಜು, ತುದಿ ಸವೆದ ಅದೇ ಚಿಮಟ. ಕಾಯಿ ಬಂದರೆ ಅಳೆಯುವುದು, ಬಿಡಿಸುವುದು, ಬೀಜ ಎಣಿಸುವುದು, ಒಂದನ್ನು ಬ್ಲೇಡಿನಿಂದ ಕೊಯ್ದು ಒಳಗೆ ನೋಡುವುದು, ಆಮೇಲೆ ಕಾರ್ಡು ಬರೆಯುವುದು. ಪ್ರತಿ ಕಾರ್ಡಿನ ಕೊನೆಗೆ 'ಕೊಯ್ದು ನೋಡಿದವರು' ಎಂದು ಒಂದು ಸಾಲು. ಅಲ್ಲಿ ಸಹಿ ಮಾಡಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಪಾಠ ಆಗುತ್ತಿತ್ತು.

"ಎಲೆ ನೋಡಿ ಮೋಸ ಹೋಗ್ಬೇಡಿ, ಹೂವು ನೋಡಿ ಮರುಳಾಗ್ಬೇಡಿ. ಕೊಯ್ದು ನೋಡಿ, ಆಮೇಲೆ ಪೆನ್ನು ಎತ್ತಿ."

ಕೊಯ್ಯದೆ ಬರೆದ ಕಾರ್ಡು ಸಿಕ್ಕಿತೋ, ಹರಿದು ಬುಟ್ಟಿಗೆ. ಒಮ್ಮೆ ತೋಟದ ಮುಖ್ಯಸ್ಥರೇ ಬರೆದದ್ದನ್ನು ಅವರ ಎದುರಿಗೇ ಹರಿದಿದ್ದರು. ಮುಖ್ಯಸ್ಥರು ಕೆಮ್ಮಿ ಇನ್ನೊಂದು ಕಾರ್ಡು ತೆಗೆದುಕೊಂಡರು. ಮೇಡಂ ಹತ್ತಿರ ಮುಲಾಜು ನಡೆಯುವುದಿಲ್ಲ ಎಂಬುದು ತೋಟದ ಬೆಕ್ಕಿಗೂ ಗೊತ್ತಿತ್ತು.

ಅಂಥವರು, ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳಿದೆ ಅನ್ನುವಾಗ, ಒಂದು ತಟ್ಟೆ ಒದ್ದೆ ಹತ್ತಿಯ ಮುಂದೆ ಕಕ್ಕಾಬಿಕ್ಕಿಯಾಗಿ ಕೂತಿದ್ದರು. ಹತ್ತಿಯ ಮೇಲೆ ಹನ್ನೊಂದು ಬೀಜ. ಇಟ್ಟು ಇಪ್ಪತ್ಮೂರು ದಿನ. ಒಂದೂ ಮಿಸುಕಿರಲಿಲ್ಲ.

ಅವು ಉಂಗುರಬಳ್ಳಿಯ ಬೀಜಗಳು. ಬಟಾಣಿ, ಅಲಸಂದೆಗಳ ದೂರದ ನೆಂಟ ಅನ್ನಬಹುದು, ಆದರೆ ಕುಲದಲ್ಲಿ ಅದೊಂದೇ, ಒಡಹುಟ್ಟಿದವರು ಯಾರೂ ಇಲ್ಲ. ಕಾಡಿನಲ್ಲಿ ಅದನ್ನು ಕಂಡವರಿಲ್ಲದೆ ಹತ್ತು ವರ್ಷವಾಗಿತ್ತು. ಉಳಿದದ್ದು ಈ ತೋಟದ ಗಾಜಿನ ಮನೆಯ ಒಂದು ಕುಂಡದಲ್ಲಿ ಮಾತ್ರ. ಅದರ ಕಾರ್ಡನ್ನು ಹತ್ತೊಂಬತ್ತು ವರ್ಷದ ಹಿಂದೆ ಮೇಡಮ್ಮೇ ಬರೆದಿದ್ದರು: 'ಕಾಯಿ ಚಪ್ಪಟೆ, ಎರಡು ಅಂಗುಲ, ತುದಿ ಕುಡುಗೋಲಿನ ಹಾಗೆ ಬಾಗಿದೆ. ಒಣಗಿದಾಗ ಸಿಡಿದು ತಿರುಚಿಕೊಳ್ಳುತ್ತದೆ. ಬೀಜ ಮೂರು ಅಥವಾ ನಾಲ್ಕು, ಕಂದು, ಸಿಪ್ಪೆ ಬಲು ಗಟ್ಟಿ. ಬೀಜದ ಹೊಕ್ಕುಳಿನ ಸುತ್ತ ಬಿಳಿ ಉಂಗುರ, ಬೇರೆ ಯಾವುದರಲ್ಲೂ ಇಲ್ಲ. ಬೇರು: ಗಂಟುಗಳಿವೆ.' ಕೆಳಗೆ ಸಹಿ.

ಈಗ ಕುಂಡ ಖಾಲಿ. ಇದ್ದ ಹನ್ನೊಂದು ಬೀಜಗಳಿಗೂ ಹೊಕ್ಕುಳಿನ ಎದುರು ಬದಿಯಲ್ಲಿ ಅರ ಹಾಕಿ, ಸಿಪ್ಪೆ ತೆಳುವಾಗುವಷ್ಟು ಮಾತ್ರ ಉಜ್ಜಿ, ನೀರಲ್ಲಿ ನೆನೆಸಿ ಇಟ್ಟದ್ದಾಗಿತ್ತು. ಕೊನೆಗೆ ಮನಸ್ಸು ಕಲ್ಲು ಮಾಡಿಕೊಂಡು ಎರಡನ್ನು ಕೊಯ್ದರು. ಒಳಗೆ ಬೂದುಬಣ್ಣದ ಹುಡಿ. ಜೊಳ್ಳು. ಉಳಿದ ಒಂಬತ್ತನ್ನು ನೀರಿಗೆ ಬಿಟ್ಟರೆ ಒಂಬತ್ತೂ ತೇಲಿದವು.

ಮುಖ್ಯಸ್ಥರು ಬಾಗಿಲಲ್ಲಿ ನಿಂತರು. "ಮೇಡಂ, ಶನಿವಾರದೊಳಗೆ ಉಳಿದಿರೋ ಗಿಡಗಳ ಪಟ್ಟಿ ಕಳಿಸ್ಬೇಕು. ಉಂಗುರಬಳ್ಳಿ ಎದುರಿಗೆ ಇದೆ ಅಂತ ಬರೀತೀರಾ, ಇಲ್ಲ ಅಂತಲಾ?"

"ಶನಿವಾರ ಹೇಳ್ತೀನಿ ಸರ್."

'ಇಲ್ಲ' ಎಂದು ಬರೆದರೆ ಭೂಮಿಯ ಮೇಲೇ ಇಲ್ಲ ಎಂದು ಅರ್ಥ. ಬರೆಯಬೇಕಾದ ಕೈ ತಮ್ಮದು. ಮೇಡಂಗೆ ಅನ್ನ ಸೇರುತ್ತಿರಲಿಲ್ಲ.

ಸತ್ತದ್ದಕ್ಕಿಂತ ಹೆಚ್ಚಾಗಿ ಕಾಡಿದ್ದು, ಇಷ್ಟು ವರ್ಷ ಬದುಕಿದ್ದು ಹೇಗೆ ಎಂಬುದು. ಮೊದಲೆಲ್ಲ ವರ್ಷದ ಕೊನೆಗೆ ಬಳ್ಳಿ ಒಣಗಿ ಹೋದರೆ, ಯಾರೂ ಬಿತ್ತದೆ ಅದೇ ಕುಂಡದಲ್ಲಿ ತಾನೇ ಹುಟ್ಟುತ್ತಿತ್ತು. ಮೇಲಿಂದ ಸಿಡಿದ ಬೀಜ ಬಿದ್ದು ಹುಟ್ಟುತ್ತದೆ ಎಂದುಕೊಂಡಿದ್ದರು. ಮೂರು ವರ್ಷದ ಹಿಂದೆ ಗಾಜಿನ ಮನೆಯಲ್ಲಿ ಬೇರುಹುಳದ ಕಾಟ ಶುರುವಾಗಿ, ಎಲ್ಲ ಕುಂಡಗಳ ಮಣ್ಣನ್ನೂ ವರ್ಷಕ್ಕೊಮ್ಮೆ ಬದಲಾಯಿಸಬೇಕು ಎಂಬ ನಿಯಮ ಬಂತು. ಅಲ್ಲಿಂದ ಮೇಡಂ ತಮ್ಮ ಕೈಯಾರೆ ಬಿತ್ತಿದರು. ಮೊದಲ ವರ್ಷ ಎರಡು ಸಸಿ, ಮರುವರ್ಷ ಒಂದು, ಈಗ ಸೊನ್ನೆ. ತಾನಾಗಿ ಬಿದ್ದದ್ದು ಹುಟ್ಟುತ್ತಿತ್ತು, ಜೋಪಾನವಾಗಿ ಬಿತ್ತಿದ್ದು ಹುಟ್ಟುವುದಿಲ್ಲ. ಇದೆಂಥ ನ್ಯಾಯ? ಅರ ಹೆಚ್ಚು ಹಾಕಿದೆನಾ? ನೀರು ಹೆಚ್ಚಾಯಿತಾ? ಅಥವಾ ಹತ್ತೊಂಬತ್ತು ವರ್ಷದ ಹಿಂದೆ ನೋಡಿದ್ದೇ ಬೇರೆ ಗಿಡವಾ? ಬಸ್ಸಿನಲ್ಲಿ ಇದನ್ನೇ ಯೋಚಿಸುತ್ತ ಎರಡು ನಿಲ್ದಾಣ ಮುಂದೆ ಹೋಗಿ ಇಳಿದರು.

ಮನೆಗೆ ಬಂದರೆ ಅತ್ತೆ ಬಾಲ್ಕನಿಯಲ್ಲಿ ಮಣೆ ಹಾಕಿಕೊಂಡು ಬೈಯುತ್ತಿದ್ದರು. ಅತ್ತೆಗೆ ಎಂಬತ್ತೆರಡು, ಸೊಂಟ ಹಿಡಿದುಕೊಂಡಿದೆ, ನಾಲಿಗೆ ಮಾತ್ರ ಚೆನ್ನಾಗಿ ಓಡಾಡುತ್ತದೆ. ಬೈಗುಳ ಇವತ್ತು ಪುದೀನ ತೊಟ್ಟಿಯ ಕಳೆಗೆ.

"ಮೂರು ವರ್ಷದಿಂದ ಚಿವುಟ್ತಾನೇ ಇದೀನಿ, ಈ ದರಿದ್ರ ಬಳ್ಳಿ ಬಿಟ್ಟು ಹೋಗ್ತಾನೇ ಇಲ್ಲ. ಬಾಡಿಗೆ ಕೊಡದೆ ಕೂತಿರೋ ನೆಂಟನ ಥರ."

ಮೇಡಂ ಚಪ್ಪಲಿ ಬಿಡುತ್ತ ಅತ್ತ ನೋಡಿದರು. ಅತ್ತೆಯ ಪಾದದ ಬಳಿ ಕಿತ್ತ ಬಳ್ಳಿ ಬಿದ್ದಿತ್ತು. ಮೂರು ಮೂರು ಎಲೆ. ನಡುವಿನ ಎಲೆಯ ಮೇಲೆ ಬೆಳ್ಳಿಬಣ್ಣದ ಗೀರು.

ಒಂದು ಚಪ್ಪಲಿ ಕಾಲಲ್ಲೇ ಉಳಿಯಿತು.

"ಅತ್ತೆ, ಇದು ಎಲ್ಲಿಂದ ಬಂತು?"

"ಎಲ್ಲಿಂದ ಅಂದ್ರೆ? ನೀನೇ ಅಲ್ವಾ ತೋಟದಿಂದ ಮಣ್ಣು ತಂದು ಹಾಕಿದ್ದು! ಪುದೀನಕ್ಕೆ ಒಳ್ಳೇದು ಅಂತ."

ಹೌದು. ಮೊದಲ ಸಲ ಮಣ್ಣು ಬದಲಿಸಿದಾಗ ಉಂಗುರಬಳ್ಳಿಯ ಕುಂಡದ ಹಳೇ ಮಣ್ಣು ಒಂದು ಚೀಲ ತಂದಿದ್ದರು. ಆ ಕುಂಡಕ್ಕೆ ಹುಳ ತಗುಲಿರಲಿಲ್ಲ, ಒಳ್ಳೇ ಮಣ್ಣು ದಂಡವಾಗುವುದು ಬೇಡ ಎಂದು ಮುಖ್ಯಸ್ಥರೇ ಒಪ್ಪಿದ್ದರು. ಅದರಲ್ಲಿ ಗೋಲಿಗಿಂತ ಚಿಕ್ಕ ಗಂಟುಗಳಿದ್ದವು. ಬಟಾಣಿ ಜಾತಿಯ ಬೇರುಗಳಲ್ಲಿ ಗಂಟು ಇರುವುದು, ಅದು ಮಣ್ಣಿಗೆ ಸತ್ವ ಕೊಡುವುದು ಶಾಲೆಯ ಮಕ್ಕಳಿಗೂ ಗೊತ್ತು. 'ಗೊಬ್ಬರ ಇದ್ದ ಹಾಗೆ ಅತ್ತೆ' ಎಂದು ಹೇಳಿಯೇ ಕೊಟ್ಟಿದ್ದರು. ಮರುವರ್ಷದಿಂದ ಹಳೇ ಮಣ್ಣು ಹೊರಗೆ ಹೋಗಬಾರದು ಎಂದು ನಿಯಮ ಬಿಗಿಯಾಗಿ, ಜರಡಿ ಹಿಡಿದು ಗಂಟು ಆರಿಸಿ, ಅವುಗಳಲ್ಲೂ ಹುಳ ಅಡಗಿದ್ದರೆ ಸಾಯಲಿ ಎಂದು, ಮಣ್ಣಿನ ಜೊತೆ ಹಬೆ ಪೆಟ್ಟಿಗೆಗೆ ಹಾಕಿದ್ದರು.

ಮೇಡಂ ನೆಲಕ್ಕೆ ಕೂತು ಬಳ್ಳಿಯನ್ನು ಬುಡದಿಂದ ತುದಿಯವರೆಗೆ ತಡವಿದರು. ಎಲೆ ನಮ್ಮದೇ. ಆದರೆ ಕುಡುಗೋಲಿನ ಕಾಯಿ ಎಲ್ಲಿ? ಒಂದೂ ಇಲ್ಲ. ಕಾಯಿ ಇಲ್ಲದೆ ಮೂರು ವರ್ಷ ಮತ್ತೆ ಮತ್ತೆ ಹುಟ್ಟಿದ್ದು ಹೇಗೆ? ಕಾಯಿ ಬಿಡದೇ ಇರುವುದು ಉಂಗುರಬಳ್ಳಿ ಆಗುವುದಾದರೂ ಹೇಗೆ?

"ಮೇಲೆ ಕಾಯಿ ಬಿಟ್ಟಿತ್ತಾ ಅತ್ತೆ? ಉದ್ದಕ್ಕೆ, ಬಾಗಿರೋದು?"

"ಬಿಡೋಕೆ ನಾನು ಬಿಡ್ಬೇಕಲ್ಲ. ಗೇಣುದ್ದ ಆದ್ರೆ ಸಾಕು, ಚಿವುಟಿ ಹಾಕ್ತಿದ್ದೆ. ಬುಡ ಕೀಳೋಕೆ ಸೊಂಟ ಬಗ್ಗಲ್ಲ. ಇವತ್ತೇ ಮಣೆ ಹಾಕ್ಕೊಂಡು ಕಿತ್ತಿದ್ದು. ಕಾಯಿ ಅಂದ್ರೆ ಕೆಳಗಿದ್ಯಲ್ಲ, ಅದೇ."

"ಕೆಳಗಿರೋದು ಬೇರುಗಂಟು ಅತ್ತೆ."

"ಯಾವ ಗಂಟು? ಒಳಗೆ ಕಾಳಿದೆ."

"ಕಾಳಿರಲ್ಲ. ನಿಮಗೆ ಹೇಗೆ ಗೊತ್ತು?"

"ಉಗುರಲ್ಲಿ ಸಿಗಿದು ನೋಡ್ದೆ," ಅಂದರು ಅತ್ತೆ. "ಯಾಕೆ, ನೀನು ನೋಡಿಲ್ವಾ?"



ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, ಸಿಗಿದ ಒಂದನ್ನು ಅಂಗೈ ಮೇಲಿಟ್ಟರು. ಕಾಗದದಷ್ಟು ತೆಳು ಸಿಪ್ಪೆ. ಒಳಗೆ ಒಂದೇ ಒಂದು ಬೀಜ, ದುಂಡಗೆ, ಮೆತ್ತಗೆ, ಕೆನೆಬಣ್ಣದ್ದು. ಕುಡುಗೋಲಿನ ಕಾಯಿಯ ಬೀಜಕ್ಕೂ ಇದಕ್ಕೂ ಗಾತ್ರ, ಬಣ್ಣ, ಸಿಪ್ಪೆ ಯಾವುದರಲ್ಲೂ ತಾಳೆ ಇಲ್ಲ. ಮೇಡಂ ಅದನ್ನು ಮಗುಚಿದರು. ಹೊಕ್ಕುಳು. ಅದರ ಸುತ್ತ ಬಿಳಿ ಉಂಗುರ.

ಒಂದೇ ಬಳ್ಳಿಗೆ ಎರಡು ಥರದ ಕಾಯಿ. ಗಾಳಿಯಲ್ಲೊಂದು, ಮಣ್ಣಿನೊಳಗೊಂದು. ಮೇಲಿನದು ಗಾಜಿನ ಮನೆಯಲ್ಲಿ ಜೇನುಹುಳ ಬಾರದೆ ಜೊಳ್ಳಾಗುತ್ತ ಬಂದಿರಬೇಕು. ಕೆಳಗಿನದೇ ಇಷ್ಟು ವರ್ಷ ಸದ್ದಿಲ್ಲದೆ ಸಂಸಾರ ನಡೆಸಿತ್ತು. ಅದನ್ನು ಎರಡು ವರ್ಷ, ಒಂದೂ ತಪ್ಪಿಸಿಕೊಳ್ಳದ ಹಾಗೆ, ಜರಡಿ ಹಿಡಿದು ಆರಿಸಿ ಹಬೆಯಲ್ಲಿ ಬೇಯಿಸಿದವರು ಯಾರು? ತಾವೇ. ಎರಡು ಬೊಗಸೆಯಾದರೂ ಇದ್ದಿರಬೇಕು. ಮೇಡಂಗೆ ಅಳು ಬಂತು. ಜೊತೆಗೇ ನಗುವೂ ಬಂತು, ಯಾಕೆಂದರೆ ಬಳ್ಳಿಯನ್ನು ಉಳಿಸಿದ್ದು ಅತ್ತೆಯ ಸೊಂಟನೋವು. ಸಂತೋಷಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು.

"ಕಳೆ ಕಿತ್ತಿದ್ದಕ್ಕೆ ಯಾರಾದ್ರೂ ಅಳ್ತಾರೇನೇ?" ಅಂದರು ಅತ್ತೆ, ಗಾಬರಿಯಾಗಿ.

ಬೇರಿನಲ್ಲಿ, ತೊಟ್ಟಿಯ ಮಣ್ಣಿನಲ್ಲಿ ಹುಡುಕಿ ಆರು ಸಿಕ್ಕವು. ಶುಕ್ರವಾರ ಬೆಳಿಗ್ಗೆ ಅವುಗಳಲ್ಲಿ ಎರಡನ್ನು, ಅರ ಹಾಕದೆ, ನೆನೆಸದೆ, ಒದ್ದೆ ಮಣ್ಣಿಗೆ ಇಟ್ಟರು. ಬೇರು ಹರಿಯದೆ ಉಳಿದಿದ್ದ ಬಳ್ಳಿಯ ತುಂಡನ್ನೂ ನೆಟ್ಟರು.

ಶನಿವಾರ ಮುಖ್ಯಸ್ಥರು ಪಟ್ಟಿಯಲ್ಲಿ 'ಇದೆ' ಎಂದು ನೋಡಿ ಮೇಡಂ ಕೈ ಕುಲುಕಿದರು. "ನೀವು ಇರೋವರೆಗೆ ನಮಗೆ ಚಿಂತೆ ಇಲ್ಲ. ಬೀಳ್ಕೊಡುಗೆ ದಿನ ಹೇಳೋಕೆ ಇದೊಂದೇ ಸಾಕು. ಒಂದು ತಪ್ಪು ಕಾರ್ಡಿಲ್ಲ ಮೇಡಂದು!"

ಅವರು ಹೋದ ಮೇಲೆ ಮೇಡಂ ಹಳೇ ಕಾರ್ಡನ್ನು ಹೊರಗೆಳೆದರು. ಕಾಯಿಯ ಬಗ್ಗೆ ಬರೆದದ್ದು ನಿಜ. ಬೀಜದ ಬಗ್ಗೆ ಬರೆದದ್ದು ನಿಜ. 'ಬೇರು: ಗಂಟುಗಳಿವೆ' ಎಂಬ ಎರಡು ಪದವನ್ನು ಕೊಯ್ಯದೆ ಬರೆದಿದ್ದರು, ಎಲ್ಲರಿಗೂ ಗೊತ್ತಿರುವ ಸಂಗತಿ ಎಂದು. ಕೆಳಗೆ ತಮ್ಮದೇ ಸಹಿ. ಕಾರ್ಡನ್ನು ಹರಿದು ಬುಟ್ಟಿಗೆ ಹಾಕಿದರು. ಮುಲಾಜಿಲ್ಲ ಎಂದ ಮೇಲೆ ಇಲ್ಲ.

ಹೊಸ ಕಾರ್ಡಿಗೆ ಎರಡೂ ಕಾಯಿ, ಎರಡೂ ಬೀಜ ಬರೆದರು. 'ಕೊಯ್ದು ನೋಡಿದವರು' ಎಂಬಲ್ಲಿ ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಪೆನ್ನು ತಡೆಯಿತು. ಕೊನೆಗೆ ಬರೆದರು: 'ನನ್ನ ಅತ್ತೆ, ಉಗುರಿನಿಂದ.'

ಕಾರ್ಡನ್ನು ಅದರ ಜಾಗದಲ್ಲಿ ಸೇರಿಸುವಾಗ ಅದರ ಹಿಂದಿದ್ದ, ಬಟಾಣಿ ಜಾತಿಯದೇ ಇನ್ನೊಂದು ಗಿಡದ ಕಾರ್ಡು ಕಣ್ಣಿಗೆ ಬಿತ್ತು. ಅದರಲ್ಲೂ ತಮ್ಮ ಅಕ್ಷರವೇ: 'ಬೇರು: ಗಂಟುಗಳಿವೆ.' ಅದರ ಹಿಂದಿನದರಲ್ಲೂ. ಅದರ ಹಿಂದಿನದರಲ್ಲೂ. ಮೇಡಂ ಡ್ರಾಯರನ್ನು ಪೂರ್ತಿ ಎಳೆದು ಮೇಜಿನ ಮೇಲಿಟ್ಟರು, ಬ್ಲೇಡು ಕೈಗೆ ತೆಗೆದುಕೊಂಡರು, ಗಾಜಿನ ಮನೆಯ ಕಡೆ ನಡೆದರು.